ಹದಿನೆಂಟು ಉಂಡೆ

ಹೊಸ ಬಿಳಿ ಸೀರೆಗಾಗಿ ಅತ್ತೆಯ ಟ್ರಂಕಿನ ತಳಕ್ಕೆ ಕೈ ಹಾಕಿದ ಸುಮಂಗಲಾಳ ಬೆರಳಿಗೆ ಸ್ಟೀಲಿನ ಡಬ್ಬಿಯೊಂದು ತಾಗಿತು. ಮುಚ್ಚಳ ತೆಗೆದು ನೋಡಿದರೆ ಖರ್ಜೂರದ ಉಂಡೆಗಳು. ನಿನ್ನೆ ಮಧ್ಯಾಹ್ನ ಕಟ್ಟಿದ್ದಿರಬೇಕು, ಮೆತ್ತಿದ ಎಳ್ಳು ಇನ್ನೂ ಹೊಳೆಯುತ್ತಿತ್ತು. ಯಾಕೆಂದು ತನಗೇ ತಿಳಿಯದೆ ಎಣಿಸಿದಳು. ಹದಿನೆಂಟು.

"ಸೀರಿ ಸಿಕ್ಕಿತೇನು? ಗಾಡಿ ಬಂದದ," ಎನ್ನುತ್ತ ಒಳಬಂದ ರಮಾಬಾಯಿ ಡಬ್ಬಿಯತ್ತ ನೋಡಿ ನಿಂತರು. ಅವರು ತೀರಿಹೋದ ಅತ್ತೆ ಮಾನಮ್ಮನ ತಂಗಿ.

"ನೋಡ್ರಿ ಸಣ್ಣತ್ತಿ," ಎಂದಳು ಸುಮಂಗಲಾ. "ನಾ ಸುಳ್ಳು ಹೇಳಿದ್ನೇನು?"

ನಿನ್ನೆ ಸಂಜೆ ಆಸ್ಪತ್ರೆಯಲ್ಲಿ ಮಾನಮ್ಮನ ಎದೆಬಡಿತ ನಿಂತಾಗಿನಿಂದ ಅವಳು ಅದನ್ನೇ ಹೇಳುತ್ತಿದ್ದಳು. ಶುಗರ್ ಮುನ್ನೂರು ದಾಟಿತ್ತು, ಹೇಳಿದರೆ ಕೇಳುತ್ತಿರಲಿಲ್ಲ, ಕದ್ದು ಸಿಹಿ ತಿನ್ನುತ್ತಿದ್ದರು. ತಾವಿದ್ದ ಬ್ರಹ್ಮಪುರದ ಓಣಿಯವರಿಗೆ ಹೇಳಿದಳು, ಫೋನ್ ಮಾಡಿದವರಿಗೆಲ್ಲ ಹೇಳಿದಳು. ಹೇಳಿದಷ್ಟೂ ಮಾತು ಸಲೀಸಾಯಿತು, ಎದೆ ಮಾತ್ರ ಹಗುರಾಗಲಿಲ್ಲ. ಡಬ್ಬಿಯನ್ನು ಟ್ರಂಕಿಗೆ ತಳ್ಳಿ ಸೀರೆ ಹಿಡಿದು ಹೊರಬಂದಳು.

*

ಮೂರು ದಿನದ ಹಿಂದೆ, ಭಾನುವಾರ, ಕಸದ ಬುಟ್ಟಿಯಲ್ಲಿ ಕಾಗದದ ಪೊಟ್ಟಣ ಸಿಕ್ಕಿತ್ತು. ಬಿಚ್ಚಿದರೆ ಹಿಡಿ ತುಂಬ ಖರ್ಜೂರದ ಬೀಜ.

ಅನುಮಾನ ಮೊದಲಿನಿಂದಲೂ ಇತ್ತು. ಸುಮಂಗಲಾ ಒಂಬತ್ತಕ್ಕೆ ಆಫೀಸಿಗೆ ಹೋದರೆ ಮರಳುವುದು ಸಂಜೆ ಆರಕ್ಕೆ. ನಡುವೆ ಅತ್ತೆ ಏನೋ ಕುಟ್ಟುತ್ತಾರೆ ಎಂದು ಪಕ್ಕದ ಮನೆಯವರು ಹೇಳಿದ್ದರು. ಆದರೆ ಒಲೆ ಹಚ್ಚಿದ ಗುರುತಿಲ್ಲ, ಒಗ್ಗರಣೆಯ ವಾಸನೆಯಿಲ್ಲ. ಅಂಗಡಿಯಲ್ಲಿ ಹುರಿದೇ ಸಿಗುವ ಶೇಂಗಾ, ಅಗಸೆ, ಜೊತೆಗೆ ಖರ್ಜೂರ ಕುಟ್ಟಿ ಅಂಗೈಯಲ್ಲಿ ದುಂಡಗೆ ಮಾಡಿಬಿಟ್ಟರೆ ಮುಗಿಯಿತು. ಒರಳು ತೊಳೆದಿಟ್ಟರೆ ಯಾರಿಗೂ ಗೊತ್ತಾಗದ ಅಡುಗೆ.

"ಈ ಬೀಜ ಯಾರವು?" ಎಂದು ಕೇಳಿದಳು.

"ನನ್ನವು," ಎಂದರು ಮಾನಮ್ಮ.

ಅಂದು ಸುಮಂಗಲಾ ಬಾಯಿಗೆ ಬಂದದ್ದೆಲ್ಲ ಅಂದಳು. ನಿಮಗೆ ಏನಾದರೂ ಆದರೆ ಊರಿನವರು ನನ್ನ ಬಯ್ಯುತ್ತಾರೆ ಎಂದಳು. ಮರುದಿನ ಬೆಳಿಗ್ಗೆ ಆರಕ್ಕೆ ಅತ್ತೆ ಎಂದಿನಂತೆ, ಡಾಕ್ಟರು ನಡೆಯಲು ಹೇಳಿದ್ದಾರೆಂದು, ಚೀಲ ತಗುಲಿಸಿಕೊಂಡು ವಾಕಿಂಗಿಗೆ ಹೊರಟರು.

*

ಅತ್ತೆಯನ್ನು ಮಣ್ಣು ಮಾಡಬೇಕಿದ್ದ ಸ್ವಂತ ಊರು ಕಮಲಾಪುರದವರೆಗೆ ಸುಮಂಗಲಾ ಗಾಡಿಯಲ್ಲಿ ನೆಟ್ಟಗೆ ಕೂರಲಾರದೆ ಹೋದಳು. ಕಿಟಕಿ ತೆರೆದಳು, ಮುಚ್ಚಿದಳು. ಸೆರಗು ಸರಿಪಡಿಸಿಕೊಂಡಳು. ಎದುರಿಗೆ ಗಂಡ ಪ್ರೇಮಕುಮಾರ ತಾಯಿಯ ಕಾಲಿನ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದ.

ಊರ ಹೊರಗಿನ ಮಣ್ಣಿನಲ್ಲಿ ಕುಣಿ ತೋಡಿ ಇಟ್ಟಿದ್ದರು. ಬೌದ್ಧ ಪದ್ಧತಿಯಂತೆ ಮೇಣದ ಬತ್ತಿ ಹಚ್ಚಿ ತ್ರಿಶರಣ, ಪಂಚಶೀಲ ಹೇಳಿದ್ದಾಯಿತು. ಮಾನಮ್ಮನ ಅಣ್ಣ ತುಕಾರಾಮ ಕಣ್ಣೊರೆಸಿಕೊಂಡು, ಪಕ್ಕದಲ್ಲಿದ್ದವರಿಗೆ ಕೇಳುವ ಹಾಗೆ, "ನಾಲಿಗಿ ರುಚಿಗಿ ಜೀವಾ ಕೊಟ್ಳು ನಮ್ಮ ತಂಗಿ," ಎಂದರು.

ಆ ಮಾತು ಸುಮಂಗಲಾಳದೇ. ಬ್ರಹ್ಮಪುರದಿಂದ ಹೊರಟು ಅವಳಿಗಿಂತ ಮೊದಲೇ ಇಲ್ಲಿಗೆ ಬಂದು ಮುಟ್ಟಿತ್ತು.

ಅಷ್ಟರಲ್ಲಿ ರಸ್ತೆಯ ಅಂಚಿಗೆ ಟೆಂಪೊ ಬಂದು ನಿಂತಿತು. ಬೇಳೆಯ ಧೂಳು ಮೆತ್ತಿದ ಸೀರೆಗಳಲ್ಲೇ ಹೆಂಗಸರು ಇಳಿದರು. ಮುಂದೆ ಬಂದ ಮುದುಕಿ ಮಾನಮ್ಮನ ಮುಖ ನೋಡಿ, ಆಮೇಲೆ ಸುಮಂಗಲಾಳ ಕೈ ಹಿಡಿದಳು.

"ನಾ ಇಕ್ಬಾಲ್ ಬೇಗಂ. ನಿಮ್ಮತ್ತಿ ಜೋಡಿ ಇಪ್ಪತ್ತೆಂಟು ವರ್ಷ ಬ್ಯಾಳಿ ಹಸನ ಮಾಡಿದಾಕಿ. ಮುಂಜಾನಿ ಏಳರ ತನಕಾ ಗೇಟಿನ್ಯಾಗ ಹಾದಿ ನೋಡಿದ್ವಿ. ಆಮ್ಯಾಲ ಖಬರ್ ಗೊತ್ತಾಯ್ತು."

"ಯಾವ ಗೇಟು?"

"ಮಿಲ್ಲಿನ ಗೇಟು, ಕಪನೂರದಾಗ. ದಿನಾ ಬರ್ತಿದ್ಳಲ್ಲ. ನಿಮಗ ಹೇಳಿರ್ಲಿಲ್ಲೇನು?"

ಪ್ರೇಮಕುಮಾರ ತಲೆಯೆತ್ತಿದ. ಇಕ್ಬಾಲ್ ಬೇಗಂ ನಿಧಾನವಾಗಿ ಹೇಳಿದಳು. ಬೆಳಗಿನ ಪಾಳಿಗೆ ಬರುವ ಹೆಂಗಸರು ಐದಕ್ಕೇ ಮನೆ ಬಿಡುತ್ತಾರೆ, ಒಲೆ ಹಚ್ಚಲು ಪುರುಸೊತ್ತಿಲ್ಲ, ಹಸಿದ ಹೊಟ್ಟೆಯಲ್ಲೇ ಧೂಳಿನೊಳಗೆ ಕೂರುತ್ತಾರೆ. ಮಾನಮ್ಮ ಗೇಟಿನಲ್ಲಿ ನಿಂತು ಒಬ್ಬೊಬ್ಬರ ಕೈಗೂ ಒಂದೊಂದು ಉಂಡೆ ಇಡುತ್ತಿದ್ದಳು.

"ಎಷ್ಟು ಮಂದಿ ಅದೀರಿ?" ಎಂದು ಕೇಳಿದಳು ಸುಮಂಗಲಾ.

"ಹದಿನೆಂಟು. ಇಲ್ಲಿ ಹದಿನೇಳು ಮಂದಿ ಇಳದೀವಿ. ಪ್ರೀತಿ ಬಸರಿ ಅದಾಳ, ಗಾಡ್ಯಾಗೇ ಕೂಡಿಸೀವಿ."

"ಅತ್ತಿ... ಅವರೂ ತಿಂತಿದ್ರೇನ್ರೀ?"

"ಅಕಿ? ಬೆರಳು ಸೈತ ನೆಕ್ಕಿಲ್ಲ. ಹಂಚಿದ್ಮ್ಯಾಲ ನಳಕ್ಕ ಹೋಗಿ ಕೈ ತೊಳ್ಕೊತಿದ್ಳು. ಶುಗರ್ ಅದ ಬೇಗಂ, ಸೊಸಿ ಬೈತಾಳ, ಅಕಿ ಅನ್ನೋದು ಖರೇನೇ ಅದ ಅಂತಿದ್ಳು."

*

ಮೂವತ್ತಾರು ವರ್ಷದ ಹಿಂದೆ, ಅದೇ ಮಿಲ್ಲಿನಲ್ಲಿ, ಏಳು ತಿಂಗಳ ಬಸುರಿ ಮಾನಮ್ಮ ಚೀಲಗಳ ನಡುವೆ ಕಣ್ಣು ಕತ್ತಲೆ ಬಂದು ಬಿದ್ದಿದ್ದಳು. ಹಿಂದಿನ ರಾತ್ರಿಯೂ ಉಂಡಿರಲಿಲ್ಲ. ಅವಳ ಜೊತೆ ಒಂದು ವಾರ ಕೂಡ ಕೆಲಸ ಮಾಡಿರದ ಇಕ್ಬಾಲ್ ಬೇಗಂ, ರಂಜಾನಿನ ಉಪವಾಸ ಬಿಡಲು ಸೆರಗಿಗೆ ಕಟ್ಟಿಕೊಂಡಿದ್ದ ಎರಡು ಖರ್ಜೂರ ಬಿಚ್ಚಿ ಅವಳ ಬಾಯಿಗಿಟ್ಟಳು. ಮಾನಮ್ಮ ಕಣ್ಣು ತೆರೆದು ಮೊದಲು ಮುಟ್ಟಿ ನೋಡಿಕೊಂಡದ್ದು ಹೊಟ್ಟೆಯನ್ನು. ಒಳಗೆ ಕೂಸು ಒದೆಯಿತು.

ಆ ಕೂಸು ಬೆಳೆದು ಸರ್ಕಾರಿ ಗುಮಾಸ್ತನಾದ ದಿನ, ಇನ್ನು ಮಿಲ್ಲು ಸಾಕವ್ವಾ, ಆ ಗೇಟಿನ ಕಡೆ ತಿರುಗಿಯೂ ನೋಡಬೇಡ ಎಂದಿತ್ತು. ಮಾನಮ್ಮ ಹೂಂ ಅಂದಿದ್ದಳು.

*

ದೇಹವನ್ನು ಇಳಿಸಿದರು. ಮಣ್ಣು ಹಾಕಲು ತುಕಾರಾಮ ಮೊದಲು ಬಗ್ಗಿದಾಗ ಸುಮಂಗಲಾ, "ತಡೀರಿ ಮಾವಾ," ಎಂದಳು.

ಎಲ್ಲರೂ ಅವಳತ್ತ ನೋಡಿದರು. ರಮಾಬಾಯಿ ತೋಳು ಹಿಡಿಯಲು ಬಂದರೆ ಬಿಡಿಸಿಕೊಂಡಳು.

"ಅತ್ತಿ ಸಿಹಿ ತಿಂತಿರ್ಲಿಲ್ಲ. ನಾ ನೋಡ್ದೇ ಹೇಳೀನಿ. ನಿನ್ನಿಂದ ಎಲ್ಲರಿಗೂ ಹೇಳೀನಿ. ಅದು ಸುಳ್ಳು."

ತುಕಾರಾಮ ಹಿಡಿಯಲ್ಲಿದ್ದ ಮಣ್ಣನ್ನು ಹಾಗೇ ಹಿಡಿದು ನಿಂತಿದ್ದರು.

"ಮಿಲ್ಲಿಗಿ ಹೋಗಬ್ಯಾಡ ಅಂದಾಂವ ನಾನು," ಎಂದ ಪ್ರೇಮಕುಮಾರ, ಕುಣಿಯ ಕಡೆ ನೋಡುತ್ತ. "ಅದಕ್ಕ ಅವ್ವ ಹೇಳಿಲ್ಲ."

ಆಮೇಲೆ ಮಣ್ಣು ಬೀಳತೊಡಗಿತು. ಮನೆಯವರದು, ಊರಿನವರದು, ಮಿಲ್ಲಿನ ಹೆಂಗಸರದು. ಇಕ್ಬಾಲ್ ಬೇಗಂ ಮೂರು ಹಿಡಿ ಹಾಕಿ ಪಕ್ಕಕ್ಕೆ ಸರಿದಳು.

ಸುಮಂಗಲಾ ಬೋರ್‌ವೆಲ್ಲಿನ ನಳದಡಿ ಕೈಕಾಲು, ಮುಖ ತೊಳೆದುಕೊಂಡಳು. ಮತ್ತೊಮ್ಮೆ ಕೈ ತೊಳೆದಳು. ರಸ್ತೆಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ತಳ್ಳುಗಾಡಿ ನಿಂತಿತ್ತು. ಎರಡು ಹಣ್ಣು ಕೊಂಡು ಟೆಂಪೊದ ಹತ್ತಿರ ಹೋದಳು. ಒಳಗೆ ಹುಡುಗಿಯೊಬ್ಬಳು ಹೊಟ್ಟೆಯ ಮೇಲೆ ಕೈಕಟ್ಟಿ ಕುಳಿತಿದ್ದಳು. ಅತ್ತು ಅತ್ತು ಮುಖ ಬಾತಿತ್ತು.

"ಮುಂಜಾನಿಂದ ಏನರ ತಿಂದೀಯೇನು?"

ಪ್ರೀತಿ ಇಲ್ಲವೆಂದು ತಲೆಯಾಡಿಸಿ ಹಣ್ಣಿಗೆ ಕೈ ಚಾಚಿದಳು. "ಮನಿಗಿ ಹೋಗಿ ತಿಂತೀನ್ರೀ ಅಕ್ಕಾ."

"ಇಲ್ಲೇ ತಿನ್ನು."

ಅತ್ತ ಮನೆಯವರ ಗಾಡಿ ಹೊರಡಲು ಹಾರ್ನ್ ಹೊಡೆಯಿತು. ರಮಾಬಾಯಿ ಕೂಗಿದರು. ಸುಮಂಗಲಾ ತಿರುಗಲಿಲ್ಲ. ಸಿಪ್ಪೆ ಸುಲಿದು ಹಣ್ಣನ್ನು ಕೈಗಿಟ್ಟಳು. ಹುಡುಗಿ ಮೊದಲು ನಾಚಿಕೊಂಡು ಸಣ್ಣದಾಗಿ ಕಚ್ಚಿದಳು, ಆಮೇಲೆ ಎರಡೇ ತುತ್ತಿಗೆ ಮುಗಿಸಿದಳು. ಸುಮಂಗಲಾ ಎರಡನೆಯದನ್ನು ಸುಲಿಯತೊಡಗಿದಳು.