ಪುಣೆ ಏಳು ಮೈಲಿ

ನಾನೊಂದು ಮೈಲಿಗಲ್ಲು. ಈಗ ನೋಡಿದವರು ಯಾರೂ ನಂಬುವುದಿಲ್ಲ ಬಿಡಿ. ಮೈತುಂಬ ಕೇಸರಿ ಸಿಂಧೂರ, ತಲೆಯ ಮೇಲೆ ಬೆಳ್ಳಿಯ ಕೊಡೆ, ಸುತ್ತ ಅಮೃತಶಿಲೆ. ಆದರೆ ಆ ಸಿಂಧೂರ ಕೆರೆದು ನೋಡಿದರೆ ‘ಪುಣೆ ೭ ಮೈಲಿ’ ಅಂತಲೇ ಇದೆ.

ನನ್ನನ್ನು ಕಡೆದವನು ಕಲ್ಲುಕುಟಿಗ ಹನಮಪ್ಪ. ಬಿಜಾಪುರದ ಕಡೆಯವನು, ರಸ್ತೆ ಕೆಲಸಕ್ಕೆಂದು ಹೆಂಡತಿ ತಿಪ್ಪವ್ವನನ್ನು ಕರೆದುಕೊಂಡು ಬಂದಿದ್ದ. ಕಪ್ಪು ಬಂಡೆಯಿಂದ ನನ್ನನ್ನು ಸೀಳಿ, ಉಳಿ ಇಡುವ ಮೊದಲು ಕೈಮುಗಿದ. ನನ್ನನ್ನು ನೆಟ್ಟ ಕಡೆ ಆಗ ಜೋಳದ ಹೊಲ, ಜಾಲಿಗಿಡ, ಅಪರೂಪಕ್ಕೊಂದು ಟಾಂಗಾ. ಪುಣೆ ಅನ್ನುವುದು ದೂರದ ಮಾತಾಗಿತ್ತು.

ಅದೇ ಮಳೆಗಾಲ ಅವರ ಕೂಸು ಜ್ವರ ಬಂದು ತೀರಿಕೊಂಡಿತು. ಇನ್ನೂ ಹೆಸರಿಡದ ಹೆಣ್ಣುಕೂಸು. ಹಾಲುಗೂಸನ್ನು ಸುಡುವುದಿಲ್ಲವಲ್ಲ, ಮಣ್ಣು ಮಾಡಬೇಕು. ಕಾಣದ ನಾಡಿನಲ್ಲಿ ಇವರಿಗೆ ಮೊಳ ಜಾಗ ಕೊಡುವವರು ಯಾರು? ನನ್ನ ಬುಡದಲ್ಲೇ ಗುಂಡಿ ತೋಡಿದರು.

“ಅಳಬ್ಯಾಡ. ಗುರುತಿಗೆ ಈ ಕಲ್ಲೈತಿ,” ಅಂದ ಹನಮಪ್ಪ.

ಮೂರನೆಯ ದಿನ ಹಾಲು ಬಿಡಬೇಕು. ಹಾಲೆಲ್ಲಿಂದ ಬರಬೇಕು? ಕೂಸಿಗೆಂದು ಎದೆಯಲ್ಲಿ ಕಟ್ಟಿದ್ದನ್ನೇ ತಿಪ್ಪವ್ವ ಹಿಂಡಿದಳು. ಅರ್ಧ ಮಣ್ಣಿಗೆ ಬಿತ್ತು, ಅರ್ಧ ನನ್ನ ಮೇಲೆ. ಆಮೇಲೆ ನನಗೂ ಅರಿಷಿಣ ಕುಂಕುಮ ಹಚ್ಚಿದಳು. ಅಯ್ಯೋ, ಕಲ್ಲಾಗಿ ಯಾಕಾದರೂ ಹುಟ್ಟಿದೆನೋ ಅನ್ನಿಸಿತು.

ಹಾಲು ಕುಂಕುಮ ಕಂಡರೆ ಜನಕ್ಕೆ ಇನ್ನೇನು ಬೇಕು! ದೂರದ ಕಾರ್ಖಾನೆಗೆ ಹೋಗುವವನೊಬ್ಬ ಸೈಕಲ್ ಇಳಿದು ಕೈಮುಗಿದ. ಅವನನ್ನು ನೋಡಿ ಇನ್ನೊಬ್ಬ ಕಾಯಿ ಒಡೆದ.

“ನಾ ಕಡದ ಕಲ್ಲಿಗಿ ಕಾಯಿ ಒಡ್ಯಾಕ ಹತ್ಯಾರ! ಹೇಳೂನೇನು?” ಅಂದ ಹನಮಪ್ಪ.

ತಿಪ್ಪವ್ವ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. “ಸುಮ್ಮನಿರ್ರಿ. ದೇವರಂದ್ರ ಇಲ್ಲಿ ಯಾರೂ ಅಗಿಯೂದಿಲ್ಲ. ಕೂಸು ತಣ್ಣಗ ಮಲಗ್ತೈತಿ.”

ಹೀಗೆ ನಾನು ದೇವರಾದೆ. ಅಷ್ಟರಲ್ಲಿ ಪುಣೆಯೇ ನನ್ನ ಕಡೆ ನಡೆದು ಬಂತು. ಅಣೆಕಟ್ಟು ಒಡೆದು ಹೊಳೆ ಪುಣೆಯ ಪೇಟೆಗಳಿಗೆ ನುಗ್ಗಿದ ವರ್ಷ, ಮನೆ ಕಳಕೊಂಡವರು ಇತ್ತ ಬಂದು ಚಾಳು ಕಟ್ಟಿದರು. ಆಮೇಲೆ ಪಕ್ಕದಲ್ಲೇ ಹೊಸ ಕಾರ್ಖಾನೆ, ಪಾಳಿಗೊಮ್ಮೆ ಕೂಗುವ ಅದರ ಭೋಂಗಾ, ಸ್ಕೂಟರು, ನೀರಿನ ಟ್ಯಾಂಕರು, ಗಾಜಿನ ಕಟ್ಟಡ. ಮಧ್ಯಾಹ್ನ ಅಂಗಡಿ ಮುಚ್ಚಿ ನೆಮ್ಮದಿಯಾಗಿ ನಿದ್ದೆ ಹೊಡೆಯುತ್ತಿದ್ದ ಊರು ಈಗ ರಾತ್ರಿಯೂ ಕಣ್ಣು ಮುಚ್ಚುವುದಿಲ್ಲ. ಪುಣೆಯ ಮಧ್ಯೆ ನಿಂತು ‘ಪುಣೆ ಏಳು ಮೈಲಿ’ ಅನ್ನುವ ನಾನು ಶುದ್ಧ ಸುಳ್ಳುಗಾರ. ಊರಿಗೆ ಮರಳದೆ ಇಲ್ಲೇ ಗುಡಿಸಲು ಹಾಕಿಕೊಂಡಿದ್ದ ಹನಮಪ್ಪ ಕಲ್ಲಿನ ಧೂಳು ಕುಡಿದೇ ಸತ್ತ. ತಿಪ್ಪವ್ವ ಮಾತ್ರ ಅಮಾವಾಸ್ಯೆಗೊಮ್ಮೆ ಕುಡಿಕೆಯಲ್ಲಿ ಹಾಲು ತಂದು ನನ್ನ ಬುಡಕ್ಕೆ ಬಿಟ್ಟು ಹೋಗುತ್ತಿದ್ದಳು.

ರಸ್ತೆ ಅಗಲ ಮಾಡುವ ಕಾಲ ಬಂತು. ಬರೀ ಕಲ್ಲಾಗಿದ್ದರೆ ನನ್ನನ್ನು ಅಲ್ಲೇ ಮಣ್ಣಿಗೆ ತಳ್ಳಿ ಡಾಂಬರು ಹಾಕುತ್ತಿದ್ದರು. ಕೂಸಿನ ಪಕ್ಕ ನಾನೂ ಮಲಗುತ್ತಿದ್ದೆ. ಆದರೆ ದೇವರು ನೋಡಿ ನಾನು! ಮಂತ್ರ ಹೇಳಿ, ಬ್ಯಾಂಡು ಬಾರಿಸಿ, ಕ್ರೇನಿನಲ್ಲಿ ಎತ್ತಿ, ಮೇಲ್ಸೇತುವೆಯ ಆಚೆ ಗುಡಿ ಕಟ್ಟಿ ಕೂರಿಸಿದರು. ತಿಪ್ಪವ್ವ ಆಗ ಕಾಲು ಮುರಿದುಕೊಂಡು ಗುಡಿಸಲಿನಲ್ಲಿ ಬಿದ್ದಿದ್ದಳು.

ಎಷ್ಟೋ ತಿಂಗಳ ಮೇಲೆ ಕೋಲೂರಿಕೊಂಡು ಬಂದಳು. ಹಳೆಯ ಜಾಗದಲ್ಲಿ ಜಾಲಿಯಿಲ್ಲ, ಚಾಳಿಲ್ಲ, ಎತ್ತ ನೋಡಿದರೂ ಡಾಂಬರು, ಗಾಡಿ. ಅವರಿವರನ್ನು ಕೇಳುತ್ತ ಗುಡಿಗೆ ಬಂದಳು. ಕೈಯಲ್ಲಿ ಅದೇ ಕುಡಿಕೆ.

“ಹಾಲು ಇತ್ತ ಕೊಡಿ ಆಜಿ, ನಾನು ಅಭಿಷೇಕ ಮಾಡ್ತೇನೆ,” ಎಂದು ಪೂಜಾರಿ ಮರಾಠಿಯಲ್ಲಿ ಕೈಚಾಚಿದ.

“ಇದಕ್ಕಲ್ಲಪಾ ಹಾಲು.” ಕುಡಿಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವಳು ನನ್ನನ್ನೇ ದಿಟ್ಟಿಸಿದಳು. “ಏ ಕಲ್ಲs, ಗುರುತಿಗಂತ ನಿನ್ನ ನಂಬಿದ್ದೆ. ನನ್ನ ಕೂಸು ಎಲ್ಲೈತಿ? ಇಲ್ಲಿಂದ ಎಷ್ಟು ದೂರ ಐತಿ, ಹೇಳು.”

ಪೂಜಾರಿಗೆ ಕನ್ನಡ ಬಾರದು. ಮುದುಕಿ ಏನೋ ಹರಕೆ ಹೇಳಿಕೊಳ್ಳುತ್ತಿದ್ದಾಳೆ ಅಂದುಕೊಂಡು ಅವಳ ಅಂಗೈಗೆ ಪ್ರಸಾದ ಹಾಕಿದ.

ದೂರ ಹೇಳುವುದಕ್ಕೆಂದೇ ಹುಟ್ಟಿದವನು ನಾನು. ಅವಳು ಕೇಳಿದ ದೂರ ನನಗೆ ಗೊತ್ತಿತ್ತು. ಬಾಯಿರಲಿಲ್ಲ.

ಹಾಲು ಚೆಲ್ಲದಂತೆ ಹಿಡಿದುಕೊಂಡು ತಿಪ್ಪವ್ವ ಮೆಟ್ಟಿಲಿಳಿದು ಹೋದಳು. ಮತ್ತೆ ಬರಲಿಲ್ಲ.

ಈಗ ದಿನವೂ ನನ್ನ ತಲೆಯ ಮೇಲೆ ಕೊಡಗಟ್ಟಲೆ ಹಾಲು ಸುರಿಯುತ್ತಾರೆ. ಎಲ್ಲ ಮೋರಿಗೆ ಹೋಗುತ್ತದೆ. ಒಂದು ಹನಿಯೂ ರಸ್ತೆ ದಾಟುವುದಿಲ್ಲ.