ಟೀ ಬಿಡುವಿನ ಮಣ್ಣು

"ಅತ್ತಿಗೆ, ಪ್ಲಗ್ ಎಲ್ಲೈತೆ?"

ಹೆಣ ಇಡುವ ಫ್ರೀಜರ್ ಪೆಟ್ಟಿಗೆಯ ಒಂದು ತುದಿಯನ್ನು ಜಗಲಿಗೆ ಆನಿಸಿ ಹಿಡಿದುಕೊಂಡೇ ಬಾಲರಾಜು ಕೇಳಿದ. ಅತ್ತು ಅತ್ತು ಅವನ ಕಣ್ಣು ಊದಿಕೊಂಡಿದ್ದವು. ಯೂನಿಯನ್ ಅಧ್ಯಕ್ಷನಾದ ಮೇಲೂ ಈ ಮನೆಯಲ್ಲಿ ಉಂಡು ಹೋಗುವುದನ್ನು ಬಿಡದವನು ಅವನು.

ಗಂಡ ಮುನೇಶನ ತಲೆದೆಸೆಯಲ್ಲಿ ಕೂತಿದ್ದ ಲತಾಮಣಿ ಬಾಗಿಲ ಕಡೆ ಕೈ ತೋರಿಸಿದಳು. ಆಮೇಲೆ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿದಳು. ಜಿಲ್ಲಾ ಪಂಚಾಯ್ತಿ ಮೆಂಬರ್ ವೆಂಕಟಯ್ಯ ಕೈ ಮುಗಿದು ನಗುತ್ತಿದ್ದರು. ಕೆಳಗೆ ಫ್ಯಾಕ್ಟರಿ ಮಾಲೀಕರ ಹೆಸರು, 'ಉಚಿತ ಸೇವೆ' ಅಂತ.

ಹಿಂದಿನ ದಿನದ ಹಗಲು ಶಿಫ್ಟು ಮುಗಿಸಿ ರಾತ್ರಿ ಮನೆಗೆ ಬಂದ ಮುನೇಶ್ ಕೈಕಾಲು ತೊಳೆಯಲು ಬಚ್ಚಲಿಗೆ ಹೋದವನು ಎದೆ ಹಿಡಿದುಕೊಂಡು ಅಲ್ಲೇ ಒರಗಿದ್ದ. ಉಗುರಿನ ಸಂದಿಯ ಗ್ರೀಸು ಇನ್ನೂ ಹಾಗೇ ಇತ್ತು.

"ಹೊತ್ತು ಮುಳುಗೋದ್ರೊಳಗೆ ಮಣ್ಣಾಗ್ಬೇಕು ಕಣಯ್ಯ," ಎಂದ ಮುನೇಶನ ಅಣ್ಣ ಬೈರಪ್ಪ. "ಇದ್ಯಾಕೆ ತಂದೆ?"

"ಶಿಫ್ಟ್ ಬುಡೋದೇ ರಾತ್ರಿ ಎಂಟಕ್ಕೆ ಬೈರಣ್ಣ. ಹುಡುಗ್ರು ಬರಬ್ಯಾಡ್ವಾ? ನಾಳೆ ಮಾಡಣ. ಮೆಂಬರೂ ಬತ್ತೀನಿ ಅಂದವ್ರೆ."

"ಓಹೋ! ಬದುಕಿರೋಗಂಟ ಅವರ ಮನೆ ಬಾಗ್ಲು ಕಾದಿದ್ದು ಸಾಲ್ದು, ಸತ್ತ ಮ್ಯಾಲೂ ಕಾಯ್ಬೇಕೇನ್ಲಾ ನನ್ ತಮ್ಮ?"

ಯಾರೋ ಟವೆಲ್ಲಿನೊಳಗೇ ನಕ್ಕು ಕೆಮ್ಮಿದರು.

ಲತಾಮಣಿಗೆ ನಗು ಬರಲಿಲ್ಲ. ಜೊತೆಗಾರರ ಮನೆಯಲ್ಲಿ ಯಾರೇ ಸಾಯಲಿ, ಸಂಬಳ ಹೋದರೆ ಹೋಗಲಿ ಎಂದು ರಜೆ ಹಾಕಿ, ಕನಕಪುರವೋ ಮಾಗಡಿಯೋ ಬಸ್ಸು ಹತ್ತಿ ಹೋಗಿ ಗುಂಡಿಗೆ ಹಿಡಿ ಮಣ್ಣು ಹಾಕಿ ಬರುತ್ತಿದ್ದವನು ಈ ಮುನೇಶ್. ಅವನಿಗೆ ಅವರ ಕೈಯ ಮಣ್ಣು ಬೀಳದೆ ಹೋಗುವುದೆಂದರೇನು? ಅವಳಿಗೆ ಬೇಕಿದ್ದುದು ಅದೊಂದೇ. ಅದಕ್ಕೇ ಪೆಟ್ಟಿಗೆ ಒಳಗೆ ಬಂದಾಗ ಬೇಡವೆನ್ನಲು ಅವಳಿಗೆ ಬಾಯಿ ಬರಲಿಲ್ಲ.

"ಬಾಲಣ್ಣ, ನಾಳೆ ಶಿಫ್ಟ್ ಇರಾಕಿಲ್ವಾ?"

ಬಾಲರಾಜು ವೈರಿನ ಸಿಕ್ಕು ಬಿಡಿಸುತ್ತಿದ್ದ. "ಐತೆ ಅತ್ತಿಗೆ."

"ಅದೂ ಎಂಟರಿಂದ ಎಂಟ್ಗೇ ತಾನೆ? ಹಂಗಾದ್ರೆ ನಾಳೆ ಬರೋದು ಮೆಂಬರೊಬ್ರೇ."

*

ಎಲೆಕ್ಷನ್ನಿನ ವರ್ಷ ಇದೇ ವೆಂಕಟಯ್ಯ ಗೇಟಿನ ಮುಂದೆ ನಿಂತು, ಮುನೇಶನ ಹೆಲ್ಮೆಟ್ಟನ್ನು ತಮ್ಮ ತಲೆಗೆ ಹಾಕಿಕೊಂಡು, "ದಿನಕ್ಕೆ ಎಂಟು ಗಂಟೆ ಮೇಲೆ ಒಂದ್ ನಿಮಿಷ ದುಡುಸುದ್ರೂ ಈ ಗೇಟಿಗೆ ನಾನೇ ಬೀಗ ಹಾಕ್ತೀನಿ," ಎಂದಿದ್ದರು. ಯೂನಿಯನ್ನಿಗೆ ಅವರೇ ಗೌರವಾಧ್ಯಕ್ಷರು. ಪ್ರಚಾರದ ಜೀಪು ಮಾಲೀಕರದು, ಬಾಡೂಟ ಮಾಲೀಕರದು. ಹಾರೋಹಳ್ಳಿಯಲ್ಲಿ ಇದು ಗೊತ್ತಿಲ್ಲದವರಿರಲಿಲ್ಲ. ಮುನೇಶನಿಗೂ ಗೊತ್ತಿತ್ತು. ಆದರೂ ಆ ಹೆಲ್ಮೆಟ್ಟನ್ನು ತಿಂಗಳುಗಟ್ಟಲೆ ಒರೆಸಿ ಒರೆಸಿ ಇಟ್ಟಿದ್ದ.

ಗೆದ್ದ ಮೇಲೆ ಯೂನಿಯನ್ ಆಫೀಸಿಗೆ ಹೊಸ ತಾರಸಿ ಬಂತು, ಕುರ್ಚಿ ಬಂದವು, ಫ್ಯಾನು ಬಂತು. ಒಂದು ಭಾನುವಾರ ಅದೇ ಫ್ಯಾನಿನಡಿ ನಿಂತು, ಹನ್ನೆರಡು ಗಂಟೆ ಶಿಫ್ಟಿಗೆ ಯೂನಿಯನ್ ಒಪ್ಪಿದೆ ಎಂದು ಬಾಲರಾಜು ಹೇಳಿದ.

"ಮೆಂಬರೇ ಮುಂದೆ ಕೂತು ಮಾತಾಡವ್ರೆ. ಒಪ್ದಿದ್ರೆ ಫ್ಯಾಕ್ಟರಿ ಹೊಸೂರಿಗೆ ಹೋಯ್ತದಂತೆ."

ಮುನೇಶ್ ಎದ್ದು ಫ್ಯಾನಿನ ಸ್ವಿಚ್ ಆರಿಸಿದ. "ಈಗೇಳು ಬಾಲು. ಅವರ ಗಾಳಿ ಇಲ್ದೆ, ನಿನ್ ಬಾಯಲ್ಲಿ ಹೇಳು ನೋಡನ."

ಏಪ್ರಿಲ್ ತಿಂಗಳು. ಎಲ್ಲರೂ ಬೆವೆತರು. ಒಸಿ ಹೊತ್ತಾದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಎದ್ದು ಬಂದು, ಮುನೇಶನ ಮುಖ ನೋಡದೆ ಫ್ಯಾನು ಹಾಕಿದ.

ಮನೆಗೆ ಬಂದು ಮುನೇಶ್ ಅದನ್ನೇ ನಗುನಗುತ್ತಾ ಹೇಳಿದ್ದ. "ಸೆಕೆ ಕಣೆ. ಏನ್ ಮಾಡಾರು, ಪಾಪ." ಅವತ್ತು ಮುದ್ದೆ ಮುರಿಯದೆ ತಟ್ಟೆಯಲ್ಲೇ ಕೈ ತೊಳೆದಿದ್ದ.

*

ಲತಾಮಣಿ ಎದ್ದು ಹೋಗಿ, ಬಾಲರಾಜು ಆಗಷ್ಟೇ ಹಾಕಿದ್ದ ಪ್ಲಗ್ ಕಿತ್ತಳು. ಗುಂಯ್ ಎನ್ನುತ್ತಿದ್ದ ಪೆಟ್ಟಿಗೆ ಸುಮ್ಮನಾಯಿತು.

"ಟೀ ಬಿಡುವಿನ ಹೊತ್ತಿಗೆ ಗುಂಡಿ ತಾವ ಇರ್ಬೇಕು ಭಾವ. ಎತ್ತಿ."

ತಗಡು ಒತ್ತುವ ಪ್ರೆಸ್ಸಿನಲ್ಲಿ ಮುನೇಶನ ಎದುರೇ ನಿಂತು ದುಡಿದ ಅಜರ್‌ಗೆ ಫೋನು ಮಾಡಿದಳು.

"ಗೇಟ್ ಬುಡಾಕಿಲ್ಲ ಅಕ್ಕಾ. ಬೆಳಗ್ಗಿಂದ ಕೇಳಿ ಕೇಳಿ ಸಾಕಾಯ್ತು," ಎಂದ.

"ಗೇಟ್ ಬ್ಯಾಡ ಕಣಪ್ಪ. ಟೀ ಬಿಡುವಿಗೆ ಗುಜರಿ ಕಡೆ ಗೋಡೆ ತಾವ ಬನ್ನಿ. ನಿಮ್ ಕೈ ಮಣ್ಣು ಗೋಡೆ ದಾಟುದ್ರೆ ಸಾಕು."

ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗಿ ಮುನೇಶನ ಮನೆಯವರಿಗೆ ಉಳಿದಿದ್ದ ತುಂಡು ಹೊಲ ಫ್ಯಾಕ್ಟರಿಯ ಕಾಂಪೌಂಡಿಗೆ ತಾಗಿಕೊಂಡೇ ಇತ್ತು. ಗೋಡೆ ಎತ್ತರ, ಅದರ ಮೇಲೆ ಮುಳ್ಳುತಂತಿ. ಒಳಗಿನ ಪ್ರೆಸ್ಸಿನ ಏಟಿಗೆ, ಹೊಲದಲ್ಲಿ ತೋಡಿದ್ದ ಗುಂಡಿಯ ಅಂಚಿನ ಮಣ್ಣು ಉದುರುತ್ತಿತ್ತು. ದೇಹ ಇಳಿಸಿದರು. ನೆಂಟರು ಮಣ್ಣು ಹಾಕಿದರು. ಅಷ್ಟರಲ್ಲಿ ಟೀ ಬಿಡುವಿಗೆ ಪ್ರೆಸ್ಸು ನಿಂತಿತು. ಬೈರಪ್ಪ ಸಲಿಕೆ ತಗೊಂಡ.

"ಒಸಿ ತಡೀರಿ ಭಾವ."

ಗೋಡೆಯಾಚೆ ಸದ್ದಿಲ್ಲ. ಎಲ್ಲರೂ ತಂತಿಯನ್ನೇ ನೋಡುತ್ತಾ ನಿಂತರು. ಬಾಲರಾಜು ಒಂದು ಹಿಡಿ ಮಣ್ಣು ತಗೊಂಡವನು ಹಾಕದೆ ನಿಂತಿದ್ದ.

ಧೊಪ್ ಎಂದು ಏನೋ ಬಿತ್ತು. ಕೆಲಸದ ಕೈಗವಸು, ಒಳಗೆ ಮಣ್ಣು ತುಂಬಿ ಮಣಿಕಟ್ಟಿನಲ್ಲಿ ದಾರ ಬಿಗಿದಿತ್ತು. ಲತಾಮಣಿ ಬಿಚ್ಚಿ ಗುಂಡಿಗೆ ಸುರಿದಳು. ಕಪ್ಪು ಮಣ್ಣು, ನಡುನಡುವೆ ಕಬ್ಬಿಣದ ಪುಡಿ ಮಿನುಗುತ್ತಿತ್ತು. ಇನ್ನೊಂದು ಬಂತು. ಮತ್ತೊಂದು. ಯಾವುದು ಯಾರದೆಂದು ತಿಳಿಯುವಂತಿರಲಿಲ್ಲ, ಎಲ್ಲಕ್ಕೂ ಒಂದೇ ಗ್ರೀಸಿನ ವಾಸನೆ. ಅಷ್ಟು ಜನ ಒಳಗಿದ್ದರೂ ದಾಟಿ ಬಂದದ್ದು ನಾಲ್ಕೋ ಐದೋ. ಅಷ್ಟರಲ್ಲಿ ಬಿಡುವು ಮುಗಿದ ಸೈರನ್ನು ಕೂಗಿತು. ಒಳಗೆ ಸೆಕ್ಯೂರಿಟಿಯ ವಿಷಲ್ಲು. "ಯಾವನ್ಲಾ ಅಲ್ಲಿ?" ಓಡುವ ಬೂಟುಗಳ ಸದ್ದು.

ಕಡೆಯ ಗವಸು ತಂತಿಗೆ ಸಿಕ್ಕಿಕೊಂಡಿತು.

"ಹಾಕಯ್ಯ, ಇನ್ನೇನ್ ನೋಡ್ತೀಯ," ಎಂದ ಬೈರಪ್ಪ. ಬಾಲರಾಜುವಿನ ಮುಷ್ಟಿ ಬಿಚ್ಚಲಿಲ್ಲ.

ಪ್ರೆಸ್ಸು ಮತ್ತೆ ಶುರುವಾಯಿತು. ಒಂದೊಂದು ಏಟಿಗೂ ತಂತಿಯ ಮೇಲೆ ಐದು ಬೆರಳೂ ತುಂಬಿಕೊಂಡಿದ್ದ ಆ ಕೈ ಅದುರುತ್ತಿತ್ತು. ಹರಿದ ಹೆಬ್ಬೆರಳಿನಿಂದ ಮಣ್ಣು ಎಳೆಯೆಳೆಯಾಗಿ ಸೋರುತ್ತಿತ್ತು. ಲತಾಮಣಿ ಗೋಡೆಯ ಬುಡಕ್ಕೆ ಹೋಗಿ, ಅದರ ಕೆಳಗೆ ಸೆರಗೊಡ್ಡಿ ನಿಂತಳು.