ಮೊಣಕೈಯ ಕಲೆ

“ಇನ್ನೂ ಕಣ್ಣು ಬಿಡಬೇಡಿ ಅಜ್ಜಿ, ಕ್ಯಾಮೆರಾದವರು ಲೈಟು ಸರಿಮಾಡ್ತಿದಾರೆ,” ಎಂದಳು ನರ್ಸು.

ಬ್ಯಾಂಡೇಜು ಆಗಲೇ ಬಿಚ್ಚಿ ಆಗಿತ್ತು. ಮಂಚದ ಅಂಚಿನಲ್ಲಿ ಕೂತಿದ್ದ ಇಸ್ತ್ರಿ ಅಜ್ಜಿ ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದಳು. ಲೈಟು ಸರಿಯಾಗುವ ತನಕ ಕುರುಡಿಯಾಗಿರುವುದು ಅವಳಿಗೇನು ಹೊಸ ಕಸುಬೇ?

ಪೊರೆ ಬಂದು ಕಣ್ಣು ಮಂಜಾದ ಮೇಲೆ ಇಸ್ತ್ರಿಪೆಟ್ಟಿಗೆ ಮಗಳ ಕೈಗೆ ಹೋಗಿತ್ತು. ಬಟ್ಟೆ ಮಡಿಸುವುದು ಮಾತ್ರ ಅಜ್ಜಿಯದೇ. ಹೊಲಿಗೆ ಸವರಿ ಒಳಗು ಹೊರಗು ತಿಳಿಯುತ್ತಿದ್ದಳು, ಕಾಲರು ಮುಟ್ಟಿ ಇದು ಯಾರ ಮನೆಯ ಅಂಗಿ ಎನ್ನುತ್ತಿದ್ದಳು. “ಅಜ್ಜಿಗೆ ಬೆರಳ ತುದೀಲೇ ಕಣ್ಣು” ಎಂದು ಗಿರಾಕಿಗಳು ಹೊಗಳಿದರೆ ಉಬ್ಬಿಹೋಗುತ್ತಿದ್ದಳು. ಆ ಜಂಬ ಇಳಿದದ್ದು ಮೊಮ್ಮಗಳು ಚಿನಕುರುಳಿ ಕಾದ ಪೆಟ್ಟಿಗೆಗೆ ಮೊಣಕೈ ತಾಗಿಸಿಕೊಂಡ ದಿನ. ಮಗು ಪಕ್ಕದಲ್ಲೇ ಆಡಿಕೊಂಡಿತ್ತು. ಸುಟ್ಟ ವಾಸನೆ ಅಜ್ಜಿಯ ಮೂಗಿಗೂ ಬಂದಿತ್ತು, ಬಟ್ಟೆ ಎಂದುಕೊಂಡಳು.

ಗಾಯ ಮಾಯಿತು, ಎಡ ಮೊಣಕೈ ಮೇಲೆ ದೊರಗು ಕಲೆ ಉಳಿಯಿತು. ಮಲಗುವಾಗ ಅದನ್ನು ಸವರದೆ ಅಜ್ಜಿಗೆ ನಿದ್ದೆಯಿಲ್ಲ. ಧರ್ಮಸಂಸ್ಥೆಯವರು ಪುಕ್ಕಟೆ ಆಪರೇಷನ್ ಮಾಡಿಸುತ್ತಾರೆ ಎಂದಾಗ ಹೂಂ ಎಂದದ್ದೇ ಆ ಕಲೆಗಾಗಿ. “ಕಣ್ಣು ಬಂದ ದಿನ ಮೊದಲು ನಿನ್ನ ಮುಖಾನೇ ನೋಡೋದು,” ಎಂದು ಚಿನಕುರುಳಿಗೆ ಮಾತು ಕೊಟ್ಟಿದ್ದಳು. ಮಗು ಹುಟ್ಟಿದಾಗಿನಿಂದ ಅವಳು ಕಂಡಿದ್ದು ಅದರ ನೆರಳನ್ನಷ್ಟೇ.

“ಈಗ ಬಿಡಿ!”

ಬೆಳಕು ಕಣ್ಣಿಗೆ ಚುಚ್ಚಿತು. ಆಮೇಲೆ ಎದುರಿಗೆ ಗುಲಾಬಿ ಫ್ರಾಕು, ಗುಂಡು ಕೆನ್ನೆ, ಎರಡು ಜಡೆ. ಮಗು ತುಟಿ ಬಿಗಿದು ನಿಂತಿತ್ತು. ಅರಳು ಹುರಿದಂತೆ ಮಾತಾಡುವ ಹುಡುಗಿ ಜನ ಕಂಡು ನಾಚಿದ್ದಾಳೆ ಎಂದುಕೊಂಡಳು ಅಜ್ಜಿ.

“ಅಯ್ಯೋ ನನ್ನ ಬಂಗಾರ! ಇಷ್ಟು ಚೆನ್ನಾಗಿದೀಯೇನೇ!”

ಎಳೆದು ಮಡಿಲಿಗೆ ಹಾಕಿಕೊಂಡಳು, ಮುದ್ದಿಟ್ಟಳು, ಬಿಕ್ಕಿಬಿಕ್ಕಿ ಅತ್ತಳು. ಸುತ್ತ ಚಪ್ಪಾಳೆ. ಅಭ್ಯಾಸಬಲದಿಂದ ಅವಳ ಬೆರಳು ಎಡ ಮೊಣಕೈಗೆ ಹೋಯಿತು. ನುಣುಪಾಗಿತ್ತು. ಬಲ ಮೊಣಕೈ ಸವರಿದಳು. ಅದೂ ನುಣುಪು.

“ಕಲೆ ಎಲ್ಲೋಯ್ತು?” ಎಂದಳು.

ಮಗು ಕೊಸರಿಕೊಂಡು ಸಂಸ್ಥೆಯ ಮೇಡಂ ಕಡೆ ತಿರುಗಿತು. “ಅತ್ತೆ, ಸಾಕಾ? ಇಳೀಲಾ?”

“ಸಾಕು ಕಂದ, ಸೂಪರ್!” ಎಂದರು ಮೇಡಂ.

ಎಲ್ಲರೂ ಹೊರಟ ಮೇಲೆ ಮಗಳು ಹತ್ತಿರ ಬಂದಳು. “ಚಿನಕುರುಳಿಗೆ ನಿನ್ನೆಯಿಂದ ಕೆಂಗಣ್ಣು ಬೇನೆ ಅಮ್ಮ. ಅಂಟುತ್ತೆ, ಒಳಗೆ ಬಿಡಲ್ಲ ಅಂದ್ರು. ದಾನ ಕೊಟ್ಟೋರಿಗೆ ಫೋಟೋ ಇವತ್ತೇ ಕಳಿಸ್ಬೇಕಂತೆ. ಆ ಮಗು ಮೇಡಂ ಅಣ್ಣನ ಮಗಳು.”

“ನಿಂಗೆ ಮೊದಲೇ ಗೊತ್ತಿತ್ತಾ?”

“ಇನ್ನೊಂದು ಕಣ್ಣಿನ ಆಪರೇಷನ್‌ಗೆ ನಿಮ್ಮಮ್ಮನ್ನೇ ಮೊದಲು ಕರೀತೀವಿ ಅಂದ್ರು. ಹೂಂ ಅಂದೆ.”

“ಅವರು ಹೊರಗಿನೋರು. ನೀನು ನನ್ನ ಹೊಟ್ಟೇಲಿ ಹುಟ್ಟಿದೋಳು ಕಣೇ.”

ಮಗಳಿಗೂ ರೇಗಿತು. “ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ! ಪುಕ್ಕಟೆ ಕಣ್ಣು ಬಂದಿದೆ, ಒಂದು ಫೋಟೋಗೆ ಇಷ್ಟು ರಂಪಾನಾ?”

“ಕಣ್ಣು ಕೊಟ್ಟಿದ್ದು ಅವರೇ, ನಾನು ಇಲ್ಲ ಅಂದ್ನಾ? ನಾನು ಮಗೂಗೆ ಏನು ಮಾತು ಕೊಟ್ಟಿದ್ದೆ ಅಂತ ಅವರಿಗೆ ಗೊತ್ತಿರ್ಲಿಲ್ಲ. ನಿಂಗೆ ಗೊತ್ತಿತ್ತು.”

ಮಗಳು ಕೈಕೊಟ್ಟದ್ದು ಅಜ್ಜಿಗೆ ಒಂದು ಸಂಕಟವಾದರೆ, ಆ ಗುಂಡು ಕೆನ್ನೆ ಇನ್ನೂ ಕಣ್ಣಿಂದ ಇಳಿಯದಿರುವುದು ಇನ್ನೊಂದು. ನಾಲ್ಕು ವರ್ಷ ಕೂಡಿಟ್ಟ ಅಳುವನ್ನೆಲ್ಲ ಯಾರದೋ ಮಗುವಿನ ಮೇಲೆ ಸುರಿದುಬಿಟ್ಟಿದ್ದಳು.

“ಎಲ್ಲಿ ಅವಳು?”

“ಗೇಟಿನ ಹತ್ರ, ವಾಚ್‌ಮನ್ ಜೊತೆ.”

“ಕಿಟಕಿಗೆ ಕರ್ಕೊಂಡು ಬಾ.”

ನರ್ಸು ಕಪ್ಪು ಕನ್ನಡಕ ಹಾಕಿ ಅಜ್ಜಿಯನ್ನು ಕಿಟಕಿಯ ಬಳಿ ನಿಲ್ಲಿಸಿದಳು. ಹೊರಗಿನಿಂದ ಮಗಳು ಮಗುವನ್ನು ಗಾಜಿನ ಎತ್ತರಕ್ಕೆ ಎತ್ತಿ ಹಿಡಿದಳು. ಸಣಕಲು ಮುಖ, ಅಜ್ಜಿ ಆಸ್ಪತ್ರೆಗೆ ಬಂದ ಮೇಲೆ ಹೇನಿಗೆಂದು ಕತ್ತರಿಸಿದ ಮೋಟುಗೂದಲು. ಎರಡು ಕಣ್ಣೂ ಊದಿ, ಪಿಸುರು ಕಟ್ಟಿ ಮುಚ್ಚಿಕೊಂಡಿದ್ದವು. ಅಜ್ಜಿ ನೋಡಿದಳು. ಅಳು ಬರಲಿಲ್ಲ.

“ಅಜ್ಜೀ! ಅಲ್ಲಿದೀಯಾ?” ಚಿನಕುರುಳಿ ಗಾಜಿಗೆ ಬಾಯಿ ಹಚ್ಚಿ ಕೂಗಿತು. “ಮೊದಲು ನನ್ನೇ ನೋಡ್ದೆ ತಾನೇ?”

ಮಗುವಿನ ಹೆಗಲ ಮೇಲಿಂದ ಮಗಳು ತಾಯಿಯನ್ನೇ ದಿಟ್ಟಿಸುತ್ತಿದ್ದಳು.

“ಹೂಂ,” ಎಂದಳು ಅಜ್ಜಿ.

“ಹಾಗಿದ್ರೆ ಇದನ್ನ ನೋಡು!” ಮಗು ತೋಳು ಮಡಿಚಿ ಎಡ ಮೊಣಕೈಯನ್ನು ಗಾಜಿಗೆ ಒತ್ತಿತು. ಕಂದು ಬಣ್ಣದ ಕಲೆ, ಅಂಚಿನಲ್ಲಿ ಸುಕ್ಕು. ಅಜ್ಜಿ ಬೆರಳು ಚಾಚಿ ಅದರ ಮೇಲೆ ಮೆಲ್ಲಗೆ ಸವರಿದಳು. ಗಾಜು ತಣ್ಣಗೆ, ನುಣುಪಾಗಿತ್ತು.